ಹೂಕೋಸಿನ ಅನ್ನಕ್ಕೆ ಸಾರು ಬೇಡ

ಹೂಕೋಸು ತುರಿದು ಅನ್ನದ ಬದಲು ತಿನ್ನುವವರಿಗೆ ನನ್ನದೊಂದೇ ಕೋರಿಕೆ: ದಯವಿಟ್ಟು ಅದರ ಮೇಲೆ ಸಾರು ಸುರಿಯಬೇಡಿ. ಲೋ ಕಾರ್ಬ್ ಪಥ್ಯ ಹಿಡಿದ ಮನೆಗಳಿಂದ ನನಗೆ ಹೆಚ್ಚಾಗಿ ಕೇಳಿಬರುವ ದೂರು ಒಂದೇ. ಮಾಡಿದೆವು, ತಿಂದೆವು, ಗಂಟಲಲ್ಲಿ ಇಳಿಯಲಿಲ್ಲ, ಬಿಟ್ಟೆವು. ಏನು ಹಾಕಿಕೊಂಡು ತಿಂದಿರಿ ಎಂದು ಕೇಳಿದರೆ, ‘ಇನ್ನೇನು, ಎಂದಿನ ಹಾಗೆ ತಿಳಿಸಾರು’ ಎನ್ನುತ್ತಾರೆ. ಅಲ್ಲೇ ಕೆಟ್ಟಿತು.

ಅಕ್ಕಿ ನೀರು ಕುಡಿಯುವ ಕಾಳು. ಒಂದು ಲೋಟ ಸೋನಾ ಮಸೂರಿಗೆ ಎರಡು, ಎರಡೂವರೆ ಲೋಟ ನೀರಿಟ್ಟರೆ ಅಷ್ಟನ್ನೂ ಹೀರಿಕೊಂಡು ಅರಳುತ್ತದೆ. ಸುಮಾರು 70 ಡಿಗ್ರಿ ಬಿಸಿ ತಾಕಿತೆಂದರೆ ಒಳಗಿನ ಪಿಷ್ಟ ಊದಿಕೊಂಡು ಮೆತ್ತಗಾಗುತ್ತದೆ, ಅಗುಳಿನ ಮೈಮೇಲೆ ತೆಳ್ಳನೆಯ ಅಂಟು ಏಳುತ್ತದೆ. ಸಾರನ್ನು ಹಿಡಿದಿಟ್ಟುಕೊಳ್ಳುವುದು, ಬೆರಳಲ್ಲಿ ಕಲಸಿದಾಗ ತುತ್ತಾಗಿ ಕೂರುವುದು ಆ ಅಂಟಿನಿಂದಲೇ. ಹೂಕೋಸಿನಲ್ಲಿ ಎಲ್ಲವೂ ತಿರುಗಾಮುರುಗ. ಅದರ ತೂಕದಲ್ಲಿ ನೂರಕ್ಕೆ 92 ಪಾಲು ನೀರೇ. ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಯಾದರೆ ನೀರು ಬಿಡುತ್ತದೆಯೇ ಹೊರತು ಹೊರಗಿನದನ್ನು ಹೀರುವುದಿಲ್ಲ. ಸಾರು ಹಾಕಿದರೆ ಅದು ಸೀದಾ ತಟ್ಟೆಯ ತಳಕ್ಕಿಳಿದು ನಿಲ್ಲುತ್ತದೆ, ಹೂಕೋಸಿನ ತುರಿ ಅದರಲ್ಲಿ ತೇಲಾಡುತ್ತದೆ. ಕಲಸಹೋದರೆ ಬೆರಳ ಸಂದಿಯಿಂದ ಜಾರುತ್ತದೆ.

ನಮ್ಮ ಮನೆಯಲ್ಲಿ ಹಿರಿಯರೊಬ್ಬರಿಗೆ ಇದನ್ನು ಬಡಿಸಿದಾಗ ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಪಲ್ಯ ಬಂತಮ್ಮ, ಅನ್ನ ಬರ್ಲಿ’ ಅಂದರು. ಅವರ ನಾಲಿಗೆ ಹೇಳಿದ್ದು ಸರಿಯಾಗಿಯೇ ಇತ್ತು. ಹೂಕೋಸಿನ ಅನ್ನವೆಂಬುದು ಸಣ್ಣಗೆ ತುರಿದು ಮಾಡಿದ ಪಲ್ಯ. ಅನ್ನದ ಕೆಲಸಗಳಲ್ಲಿ ಒಂದನ್ನು ಮಾತ್ರ ಅದು ಮಾಡಬಲ್ಲದು: ಒಗ್ಗರಣೆಯನ್ನೂ ಹುಳಿ ಖಾರವನ್ನೂ ಮೈಗೆ ಹಚ್ಚಿಕೊಂಡು ತಟ್ಟೆ ತುಂಬುವುದು. ಅಂದರೆ ಚಿತ್ರಾನ್ನದ ಕೆಲಸ. ಅಷ್ಟನ್ನು ಒಪ್ಪಿಕೊಂಡರೆ ಇದು ರುಚಿಯಾದ ಅಡುಗೆ. ಒಪ್ಪದಿದ್ದರೆ ದಿನವೂ ಊಟದ ಹೊತ್ತಿಗೆ ಮನಸ್ಸು ಕಹಿ.

ಇಷ್ಟೆಲ್ಲ ಯಾಕೆ ಬೇಕು ಎನ್ನುವವರಿಗೆ ಲೆಕ್ಕ ಹೇಳಿಬಿಡುತ್ತೇನೆ. ನೂರು ಗ್ರಾಂ ಬೆಂದ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೊಹೈಡ್ರೇಟ್, 130 ಕ್ಯಾಲೊರಿ. ಅಷ್ಟೇ ತೂಕದ ಹಸಿ ಹೂಕೋಸಿನಲ್ಲಿ ಕಾರ್ಬೊಹೈಡ್ರೇಟ್ 5 ಗ್ರಾಂ, ಅದರಲ್ಲೂ 2 ಗ್ರಾಂ ನಾರು, ಕ್ಯಾಲೊರಿ 25. ಜೊತೆಗೆ 48 ಮಿಲಿಗ್ರಾಂನಷ್ಟು ಸಿ ಜೀವಸತ್ವ, ಬೇಯಿಸಿದರೆ ಒಂದಷ್ಟು ಹೋಗುತ್ತದೆ. ಕೀಟೋ ಪಥ್ಯದವರು ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್ ದಾಟುವಂತಿಲ್ಲ. ಎರಡು ಸೌಟು ಅನ್ನ ಬಡಿಸಿಕೊಂಡರೆ ಅವರ ದಿನದ ಪಾಲು ಅಲ್ಲಿಗೆ ಮುಗಿಯಿತು. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆಂದು ಐಸಿಎಂಆರ್‌ನ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಅನ್ನ ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳದ ಮನೆ ಈಗ ಊರಲ್ಲಿ ಸಿಗುವುದು ಕಷ್ಟ.

ಹಾಗಾದರೆ ರಾಗಿ ಇಲ್ಲವೇ, ನವಣೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇವೆ, ತಿನ್ನಿ. ರಾಗಿಯ ನಾರು, ಕ್ಯಾಲ್ಸಿಯಂ ಅಕ್ಕಿಗೆಲ್ಲಿ ಬರಬೇಕು? ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 65 ಗ್ರಾಂಗಿಂತ ಹೆಚ್ಚು ಕಾರ್ಬೊಹೈಡ್ರೇಟ್ ಇದೆ. ಮುದ್ದೆ ಒಳ್ಳೆಯದು, ಆದರೆ ಲೋ ಕಾರ್ಬ್ ಅಲ್ಲ. ‘ರಾಗಿ ತಾನೇ’ ಎಂದು ಎರಡು ಮುದ್ದೆ ನುಂಗಿ, ಶುಗರ್ ಯಾಕೆ ಇಳಿಯಲಿಲ್ಲ ಎಂದು ಕೇಳಬಾರದು.

ಇನ್ನು ಮಾರುಕಟ್ಟೆಗೆ ಹೋಗೋಣ. ಬೆಂಗಳೂರಿಗೆ ಕೋಲಾರ, ಮಾಲೂರು, ಚಿಕ್ಕಬಳ್ಳಾಪುರದ ಕಡೆಯಿಂದ ಹೂಕೋಸು ವರ್ಷವಿಡೀ ಬರುತ್ತದಾದರೂ ಅದು ಚಳಿಗಾಲದ ತರಕಾರಿ. ಗಡ್ಡೆ ಗಟ್ಟಿಯಾಗಿರಬೇಕು, ಕೈಗೆ ಭಾರ ಅನ್ನಿಸಬೇಕು, ಸುತ್ತಲಿನ ಎಲೆ ಬಾಡಿರಬಾರದು. ಎಲೆ ಪೂರ್ತಿ ಕಿತ್ತು ಪ್ಲಾಸ್ಟಿಕ್ ಸುತ್ತಿಟ್ಟದ್ದನ್ನು ನಾನು ಮುಟ್ಟುವುದಿಲ್ಲ, ಎಷ್ಟು ಹಳೆಯದೆಂದು ತಿಳಿಯಲು ಎಲೆಯೇ ಸಾಕ್ಷಿ. ತೆಳು ಕೆನೆ ಬಣ್ಣ ಇದ್ದರೆ ಹೆದರಬೇಡಿ. ಬಿಸಿಲು ಬಿದ್ದರೆ ಹಳದಿ ತಿರುಗುತ್ತದೆಂದು ರೈತರು ಎಲೆಗಳನ್ನೇ ಗಡ್ಡೆಯ ಮೇಲೆ ಮಡಿಸಿ ಕಟ್ಟುತ್ತಾರೆ. ಕಟ್ಟದೆ ಬಿಟ್ಟದ್ದು ಕೊಂಚ ಹಳದಿಯಾಗಿರುತ್ತದೆ, ಅಷ್ಟೇ. ಗಡ್ಡೆಯ ಮೇಲ್ಮೈ ಸಡಿಲವಾಗಿ, ನವಿರು ಕಾಳು ಕಾಳಾಗಿ ಎದ್ದು ಕಂಡರೆ ಮಾತ್ರ ಬೇಡ. ಸೆಕೆಗೆ ಸಿಕ್ಕಿ ಮೊಗ್ಗು ಬೇಗ ಒಡೆದಾಗ ಹಾಗಾಗುತ್ತದೆ. ತೋಟಗಾರಿಕೆಯವರು ಈ ದೋಷಕ್ಕೆ ಕೊಟ್ಟ ಹೆಸರು ‘ರೈಸಿನೆಸ್’. ರೈತನ ಹೂಕೋಸು ಅಕ್ಕಿಯಂತಾದರೆ ಬೆಲೆ ಬೀಳುತ್ತದೆ, ಅದನ್ನೇ ನಾವು ಮನೆಗೆ ತಂದು ಅಕ್ಕಿಯಂತೆ ಮಾಡಲು ಹೆಣಗುತ್ತೇವೆ.

ಹುಳದ ವಿಚಾರ. ದೊಡ್ಡ ದೊಡ್ಡ ಹೂಗಳಾಗಿ ಬಿಡಿಸಿ, ಉಪ್ಪು ಅರಿಶಿನ ಹಾಕಿದ ಬಿಸಿನೀರಲ್ಲಿ ಐದು ನಿಮಿಷ ಮುಳುಗಿಸಿಡುವುದು ನಮ್ಮೆಲ್ಲರ ರೂಢಿ. ಪಲ್ಯಕ್ಕೆ ಅಷ್ಟು ಸಾಕು. ಅನ್ನಕ್ಕೆ ಸಾಲದು, ಇಲ್ಲಿ ನೀರೇ ವೈರಿ. ನೀರಿನಿಂದ ತೆಗೆದ ಹೂಗಳನ್ನು ಕಾಂಡ ಮೇಲಾಗಿ, ಹೂವು ಕೆಳಗಾಗಿ ಹತ್ತಿಯ ಪಂಚೆಯ ಮೇಲೆ ಸಾಲಾಗಿ ಬೋರಲು ಹಾಕಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಹೂವನ್ನು ಬಟ್ಟೆಯ ಒಣ ಜಾಗದಲ್ಲಿ ಒತ್ತಿ ನೋಡಿ. ತೇವದ ಗುರುತು ಮೂಡಿದರೆ ಇನ್ನೂ ಹತ್ತು ನಿಮಿಷ. ಈ ಹಂತ ಹಾರಿಸಿದವರಿಗೆ ಮುಂದೆ ಯಾವ ಉಪಾಯವೂ ಇಲ್ಲ.

ತುರಿಯುವುದಕ್ಕೆ ತುರಿಮಣೆಯ ದೊಡ್ಡ ಕಣ್ಣೇ ಆಗಬೇಕು. ಕಾಂಡ ಹಿಡಿದುಕೊಂಡು ಹೂವಿನ ಕಡೆಯಿಂದ ಹಗುರಾಗಿ ಉಜ್ಜಿದರೆ ಹುರಿದ ಅಕ್ಕಿತರಿಯ ಹಾಗೆ ಬಿಡಿಬಿಡಿಯಾಗಿ ಉದುರುತ್ತದೆ. ಒತ್ತಿ ಉಜ್ಜಿದರೆ ಹಿಸುಕಿ ನೀರೊಡೆಯುತ್ತದೆ. ಮಿಕ್ಸಿಯೇ ಬೇಕೆನ್ನುವವರು ಜಾರಿನ ಮೂರನೇ ಒಂದು ಭಾಗ ಮಾತ್ರ ತುಂಬಿ, ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಬಿಟ್ಟು, ತಿರುಗಿಸಿ ಬಿಟ್ಟು, ಮೂರು ನಾಲ್ಕು ಸಲಕ್ಕೆ ನಿಲ್ಲಿಸಿ. ಆಸೆಗೆ ಇನ್ನೊಂದು ಸುತ್ತು ಕೊಟ್ಟಿರೋ, ತಳದಲ್ಲಿ ಚಟ್ನಿ, ಮೇಲೆ ಹೆಂಟೆ. ಕಾಂಡ ಬಿಸಾಡಬೇಡಿ, ಮೇಲಿನ ನಾರು ಹೆರೆದು ತುರಿದರೆ ಹೂವಿಗಿಂತ ಗರಿಮುರಿ. ಎಳೆ ಎಲೆಗಳನ್ನು ಸಣ್ಣಗೆ ಹೆಚ್ಚಿ ಬೇಳೆ ಹಾಕಿ ಪಲ್ಯ ಮಾಡುವುದು ನಿಮಗೆ ಹೇಳಿಕೊಡಬೇಕಿಲ್ಲ.

ಈಗ ಒಲೆ. ಅಗಲವಾದ ಬಾಣಲೆ, ಕಬ್ಬಿಣದ್ದಾದರೆ ಮೇಲು. ಎಣ್ಣೆ ಕಾದ ಮೇಲೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಂದು ಮುಷ್ಟಿ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಕರಿಬೇವು, ಇಂಗು. ಈರುಳ್ಳಿ ಹಾಕುವ ಪದ್ಧತಿಯಿದ್ದರೆ ಅದರ ನೀರೆಲ್ಲ ಆರಿ ಅಂಚು ಕೆಂಪಾಗುವ ತನಕ ಬಾಡಿಸಿ. ಅರಿಶಿನ ಹಾಕಿ ಹೂಕೋಸಿನ ತುರಿ ಸುರಿದು ಉರಿ ದೊಡ್ಡದು ಮಾಡಿ. ಮುಚ್ಚಳ ಮುಚ್ಚಬೇಡಿ, ನೀರು ಚಿಮುಕಿಸಬೇಡಿ, ಉಪ್ಪು ಈಗಲೇ ಹಾಕಬೇಡಿ. ಉಪ್ಪು ಬಿದ್ದ ಕೂಡಲೇ ತರಕಾರಿ ನೀರು ಬಿಡುತ್ತದೆ, ಮುಚ್ಚಿದರೆ ಆ ನೀರು ಆವಿಯಾಗದೆ ಮತ್ತೆ ಅದರಲ್ಲೇ ಬೀಳುತ್ತದೆ. ತೆಳ್ಳಗೆ ಹರಡಿ, ಅರ್ಧ ನಿಮಿಷ ಸುಮ್ಮನೆ ಬಿಟ್ಟು, ಮೊಗಚಿ, ಮತ್ತೆ ಹರಡಿ. ಮೊದಲು ಚರಚರ ಸದ್ದಿನ ಜೊತೆ ಆವಿ ಏಳುತ್ತದೆ. ಆವಿ ತೆಳುವಾಗಿ, ಸದ್ದು ಒಣಗಿ, ಅಲ್ಲಲ್ಲಿ ಕಂದು ಚುಕ್ಕೆ ಕಂಡಾಗ ಆಯಿತೆಂದು ಲೆಕ್ಕ. ಐದಾರು ನಿಮಿಷದ ಕೆಲಸ. ಕಡಿಮೆ ಕಡಿಮೆಯಾಗಿ ಎರಡು ಸಲ ಮಾಡಿದರೂ ಸರಿಯೇ, ಬಾಣಲೆ ತುಂಬ ಒಟ್ಟಬೇಡಿ. ಉರಿ ಆರಿಸಿ ಉಪ್ಪು, ಕಾಯಿತುರಿ, ಕೊತ್ತಂಬರಿ ಸೊಪ್ಪು. ನಿಂಬೆರಸ ಬಡಿಸುವ ಹೊತ್ತಿಗೆ.

ಮುಚ್ಚಳ ಬೇಡವೆನ್ನಲು ಇನ್ನೊಂದು ಕಾರಣ ವಾಸನೆ. ಹೂಕೋಸಿನಲ್ಲಿ ಗಂಧಕದ ಸಂಯುಕ್ತಗಳಿವೆ. ಹೆಚ್ಚು ಹೊತ್ತು ಬೇಯಿಸಿದಷ್ಟೂ ಅವು ಒಡೆದು ಮನೆಯೆಲ್ಲ ನಾರುತ್ತದೆ. ಬೇಗ ಮುಗಿಸಿದರೆ ಆ ತೊಂದರೆ ಇಲ್ಲ, ಉಳಿದದ್ದನ್ನು ಇಂಗು ನೋಡಿಕೊಳ್ಳುತ್ತದೆ. ಇಂಗಿನ ಘಾಟೂ ಗಂಧಕದ್ದೇ. ಅದು ನಮಗೆ ಪರಿಮಳ, ಇದು ನಾತ. ಅಭ್ಯಾಸಬಲ!

ಯಾವುದಕ್ಕೆ ಒಗ್ಗುತ್ತದೆ, ಯಾವುದಕ್ಕೆ ಇಲ್ಲ? ನಿಂಬೆಹಣ್ಣಿನದಕ್ಕಿಂತ ಮಾವಿನಕಾಯಿ ಚಿತ್ರಾನ್ನಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಾಯಿ, ಸಾಸಿವೆ, ಮೆಣಸಿನಕಾಯಿ ರುಬ್ಬಿ ಹಾಕಿದ ಗೊಜ್ಜಿನ ಮುಂದೆ ಹೂಕೋಸು ತನ್ನ ದನಿ ಎತ್ತುವುದಿಲ್ಲ. ಆದರೆ ಮಾವಿನಕಾಯಿ ಬರುವ ಹೊತ್ತಿಗೆ ಒಳ್ಳೆಯ ಹೂಕೋಸು ಮುಗಿದಿರುತ್ತದೆ, ಅದೊಂದು ಕೊರತೆ. ವಾಂಗಿಬಾತ್ ಪುಡಿ ಬಹಳ ಸೊಗಸು. ಪುಳಿಯೋಗರೆ ಗೊಜ್ಜು ರುಚಿಯೇನೋ ಸರಿ, ಅದರೊಳಗಿನ ಬೆಲ್ಲ ಪಥ್ಯದವರ ಲೆಕ್ಕ ಕೆಡಿಸುತ್ತದೆ. ಟೊಮೆಟೊ ಬಾತ್ ಬೇಡ, ಹಸಿ. ಬಿಸಿಬೇಳೆಬಾತಿನ ಹೆಸರೆತ್ತಬೇಡಿ; ಅಕ್ಕಿಯೂ ಬೇಳೆಯೂ ಕರಗಿ ಒಂದಾಗುವುದೇ ಅದರ ಜೀವ. ಮೊಸರನ್ನವೂ ಆಗದು. ಆರಿಸಿದ ತುರಿಗೆ ಗಟ್ಟಿ ಮೊಸರು, ಶುಂಠಿ, ಸಾಸಿವೆ ಒಗ್ಗರಣೆ ಕೊಟ್ಟರೆ ಸಿಗುವುದು ಮೊಸರುಬಜ್ಜಿ, ಅದನ್ನು ಹಾಗೆಂದೇ ತಿಂದರೆ ಬಟ್ಟಲು ಸಾಲದು. ನನ್ನ ಮೆಚ್ಚಿನದು ಉಪ್ಪಿಟ್ಟು. ಇನ್ನೂ ಸಣ್ಣಗೆ ತುರಿದು, ಶುಂಠಿ, ಹಸಿ ಅವರೆಕಾಳು ಸ್ವಲ್ಪವೇ ಹಾಕಿ, ತುಪ್ಪ ಬಿಟ್ಟುಕೊಂಡರೆ ಅಕ್ಕಿತರಿ ಉಪ್ಪಿಟ್ಟಿನ ದಾಯಾದಿ ಅನ್ನಬಹುದು.

ಅಮೆರಿಕದಲ್ಲಿರುವ ನಮ್ಮವರಿಗೆ ಈ ಕಷ್ಟವಿಲ್ಲ. ತುರಿದು ಹೆಪ್ಪುಗಟ್ಟಿಸಿದ ಪೊಟ್ಟಣ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕರಗಲು ಬಿಡದೆ, ಪೊಟ್ಟಣದಿಂದ ನೇರವಾಗಿ ಕಾದ ಬಾಣಲೆಗೆ ಸುರಿಯಬೇಕು. ಆ ಪೊಟ್ಟಣಗಳ ವ್ಯಾಪಾರ ಏರಿದ್ದನ್ನು ಕಂಡು ಅಲ್ಲಿನ ಭತ್ತದ ಬೆಳೆಗಾರರು ಕೆರಳಿದರು. ದೇಶದ ಅರ್ಧದಷ್ಟು ಅಕ್ಕಿ ಬೆಳೆಯುವ ಅರ್ಕನ್ಸಾ ರಾಜ್ಯ 2019ರಲ್ಲಿ ಕಾನೂನನ್ನೇ ತಂದಿತು: ಅಕ್ಕಿಯಲ್ಲದ್ದನ್ನು ಅಕ್ಕಿಯೆಂದು ಮಾರಿದರೆ ಸಾವಿರ ಡಾಲರ್‌ವರೆಗೆ ದಂಡ. ಲೂಯಿಸಿಯಾನವೂ ಅದೇ ದಾರಿ ಹಿಡಿಯಿತು. ಸಾರು ಸುರಿದುಕೊಂಡು ನಿರಾಶರಾದವರ ಪರವಾಗಿ ನಾನು ಆ ರೈತರ ಕಡೆಗೇ.

ಹೂಕೋಸೇನೂ ನಮ್ಮ ನೆಲದ್ದಲ್ಲ. ಲಂಡನ್ನಿನ ಕ್ಯೂ ತೋಟದಿಂದ 1822ರಲ್ಲಿ ಸಹಾರನ್‌ಪುರದ ಕಂಪನಿ ತೋಟಕ್ಕೆ ಬಂದ ಬೀಜ ಅದು. ಇಂಗ್ಲಿಷ್ ತರಕಾರಿಯೆಂದು ಇಂದಿಗೂ ತಿಥಿಯ ಅಡುಗೆಗೆ ಅದನ್ನು ಸೇರಿಸದ ಮನೆಗಳಿವೆ. ಅಂಥ ಮನೆಗಳಲ್ಲೂ ಮಕ್ಕಳು ಬೀದಿಯಲ್ಲಿ ಗೋಬಿ ಮಂಚೂರಿ ತಿನ್ನುತ್ತಾರೆ. ಅದರ ಕೃತಕ ಬಣ್ಣವನ್ನು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಮೈದಾ ಮತ್ತು ಕಾರ್ನ್‌ಫ್ಲೋರ್‌ನಲ್ಲಿ ಅದ್ದಿ ಕರಿದದ್ದು ಹೂಕೋಸಿನ ಹೆಸರಲ್ಲಿ ನಡೆಯುವ ಇನ್ನೊಂದು ವ್ಯಾಪಾರ.

ಎರಡು ಎಚ್ಚರಿಕೆ. ಹೂಕೋಸಿನ ಚಿತ್ರಾನ್ನ ತಿಂದು ಎರಡು ತಾಸಿಗೆ ಹಸಿವಾಯಿತೆಂದು ಬಿಸ್ಕತ್ತಿನ ಡಬ್ಬಿ ತೆಗೆದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಅದು ಹೊಟ್ಟೆ ತುಂಬಿಸುತ್ತದೆ, ಹಸಿವನ್ನು ಹಿಡಿದಿಡುವುದಿಲ್ಲ. ಪಕ್ಕದಲ್ಲಿ ಮೊಟ್ಟೆಯೋ ಪನೀರೋ ಗಟ್ಟಿ ಮೊಸರೋ ಇರಲಿ. ಎರಡನೆಯದು ಮುಖ್ಯ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಏಕಾಏಕಿ ನಿಲ್ಲಿಸಿದರೆ ಸಕ್ಕರೆ ಅಂಶ ಕುಸಿದು ತಲೆ ಸುತ್ತಿ ಬೀಳಬಹುದು. ಔಷಧಿಯ ಪ್ರಮಾಣದ ಬಗ್ಗೆ ಡಾಕ್ಟರನ್ನು ಕೇಳಿ ಶುರುಮಾಡಿ.

ಕಟ್ಟುನಿಟ್ಟಿನ ಪಥ್ಯ ಬೇಕಿಲ್ಲ, ಅನ್ನ ಒಂದಿಷ್ಟು ಇಳಿದರೆ ಸಾಕು ಎನ್ನುವವರಿಗೆ ನಾನು ಹೇಳುವುದು ಅರ್ಧ ಅರ್ಧದ ದಾರಿ. ಉದುರುದುರಾಗಿ ಮಾಡಿ ಆರಿಸಿದ ಅನ್ನ ಒಂದು ಪಾಲು, ಬಾಣಲೆಯಲ್ಲಿ ಒಣಗಿಸಿದ ಹೂಕೋಸು ಒಂದು ಪಾಲು, ಎರಡನ್ನೂ ಗೊಜ್ಜಿನ ಜೊತೆ ಕಲಸಿ. ಇನ್ನೂರು ಗ್ರಾಂ ಅನ್ನದ 56 ಗ್ರಾಂ ಕಾರ್ಬೊಹೈಡ್ರೇಟ್ 33ಕ್ಕೆ ಇಳಿಯುತ್ತದೆ, ತುತ್ತೂ ಕೂರುತ್ತದೆ, ಮನೆಯ ಹಿರಿಯರೂ ಸುಮ್ಮನಿರುತ್ತಾರೆ. ಕಾರ್ತಿಕದಿಂದ ಶಿವರಾತ್ರಿಯವರೆಗೆ ಹೂಕೋಸು ಅಗ್ಗ, ಗಡ್ಡೆಯೂ ಗಟ್ಟಿ. ಮಾಡುವುದಿದ್ದರೆ ಆ ತಿಂಗಳುಗಳಲ್ಲಿ ಮಾಡಿ. ಬೇಸಿಗೆಯಲ್ಲಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಇದೇ ಕ್ರಮದಲ್ಲಿ ಬಾಡಿಸಿಕೊಳ್ಳಿ, ಅದೂ ನಡೆಯುತ್ತದೆ.