ಒಂದು ಸಲಕ್ಕೆ ಒಂದೇ ತಪ್ಪು

‘ರೇಟು ಜಾಸ್ತಿ ಆಯ್ತಲ್ಲಮ್ಮ’ ಎಂದರು ತುಮಕೂರಿನ ದಿನಸಿ ಅಂಗಡಿಯ ಯಜಮಾನರು. ಅವರ ಮಾತು ಮುಗಿಯುವಷ್ಟರಲ್ಲೇ ಈ ಕಡೆಯ ಹುಡುಗಿ ‘ಹತ್ತು ಪರ್ಸೆಂಟ್ ಕಮ್ಮಿ ಮಾಡಿಸ್ತೀನಿ ಸರ್’ ಎಂದುಬಿಟ್ಟಳು.

ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಬೆಂಗಳೂರಿನ ಕಚೇರಿಯೊಂದರಲ್ಲಿ ಮೊನ್ನೆ ಈ ರೆಕಾರ್ಡಿಂಗ್ ಕೇಳಿದೆ. ಎಐ ಆಗಲೇ ತನ್ನ ವರದಿ ಒಪ್ಪಿಸಿತ್ತು. ಮಾತಿನ ವೇಗ ಹೆಚ್ಚು, ಕೇಳಿದ ಪ್ರಶ್ನೆ ಎರಡೇ, ಡಿಸ್ಕೌಂಟ್ ಅವಸರದ್ದು ಎಂದು ಶುರುವಾಗಿ ಒಟ್ಟು ಹನ್ನೊಂದು ತಪ್ಪು. ಹುಡುಗಿ ತಲೆ ಎತ್ತಲಿಲ್ಲ. ಟೀಮ್ ಲೀಡರ್ ಲ್ಯಾಪ್‌ಟಾಪ್ ಮುಚ್ಚಿ ಕೇಳಿದರು: ‘ಅವರು ಜಾಸ್ತಿ ಅಂದಾಗ ನಿನಗೆ ಏನನ್ನಿಸ್ತು?’

‘ಭಯ ಆಯ್ತು ಸರ್. ತಿಂಗಳ ಕೊನೆ, ಟಾರ್ಗೆಟ್ ಮುಟ್ಟಿರ್ಲಿಲ್ಲ.’

ಹನ್ನೊಂದರ ಪಟ್ಟಿಯಲ್ಲಿ ಈ ಭಯ ಇರಲಿಲ್ಲ. ಆ ತಪ್ಪುಗಳ ಬೇರು ಮಾತ್ರ ಭಯದಲ್ಲೇ ಇತ್ತು.

ಇಂಥ ಪಟ್ಟಿಗಳ ಮಿತಿಯನ್ನು ಸಂಶೋಧಕರೂ ಕಂಡಿದ್ದಾರೆ. 2021ರಲ್ಲಿ ‘ಜರ್ನಲ್ ಆಫ್ ಮಾರ್ಕೆಟಿಂಗ್’ನಲ್ಲಿ ಸಂಶೋಧಕ ಶುಯೆಮಿಂಗ್ ಲುವೊ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಫಿನ್‌ಟೆಕ್ ಕಂಪನಿಗಳ ಮಾರಾಟಗಾರರಿಗೆ ಎಐ ತರಬೇತಿ ಕೊಟ್ಟು ನೋಡಿದ ಪ್ರಯೋಗ ಅದು. ಹೆಚ್ಚು ಲಾಭ ಪಡೆದವರು ಮಾರಾಟದಲ್ಲಿ ನಡುವಿನ ಸಾಲಿನವರು. ಮೇಲಿನವರಿಗೆ ಯಂತ್ರದ ಬುದ್ಧಿವಾದ ರುಚಿಸಲಿಲ್ಲ; ಕೆಳಗಿನವರು ಸಲಹೆಗಳ ರಾಶಿಯಲ್ಲೇ ಕಂಗೆಟ್ಟರು. ಅವರಿಗೆ ಸಲಹೆ ಕಡಿಮೆ ಮಾಡಿದಾಗ ಮಾರಾಟ ಸುಧಾರಿಸಿತು. ಯಂತ್ರ ಕಂಡುಹಿಡಿದದ್ದನ್ನು ಮ್ಯಾನೇಜರ್ ತನ್ನ ಬಾಯಲ್ಲಿ ಹೇಳಿದಾಗ ಫಲ ಇನ್ನೂ ಚೆನ್ನಾಗಿತ್ತು.

ಮಾರಾಟವನ್ನು ಕಿವಿಗೊಟ್ಟು ಕಲಿಯುವುದು ಹೊಸ ವಿದ್ಯೆಯೇನಲ್ಲ. ಮಾರಾಟ ಸಂಶೋಧಕ ನೀಲ್ ರಾಕಮ್ ಮತ್ತು ಅವರ ತಂಡ ಹನ್ನೆರಡು ವರ್ಷ ಕೂತು 35,000 ಮಾರಾಟ ಮಾತುಕತೆಗಳನ್ನು ಗಮನಿಸಿತು; 1988ರ ‘ಸ್ಪಿನ್ ಸೆಲ್ಲಿಂಗ್’ ಪುಸ್ತಕ ಅದರ ಫಲ. ದೊಡ್ಡ ವ್ಯಾಪಾರ ಕುದುರುವುದು ಗಿರಾಕಿಯ ತೊಂದರೆಯನ್ನು ಕೇಳಿ ತಿಳಿಯುವವರಿಗೆ ಎಂದು ಅದು ತೋರಿಸಿತು. ಹಿಂದೆ ಮ್ಯಾನೇಜರ್ ಕೆಲವೇ ಕಾಲ್ ಕೇಳಿದರೆ ಹೆಚ್ಚು. ಇಂದು ಯಂತ್ರ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಅದರಲ್ಲಿ ಯಾವುದನ್ನು, ಯಾರಿಗೆ, ಯಾವಾಗ ಹೇಳಬೇಕು ಎಂಬ ವಿವೇಕ ಕಲಿಸುವವನದ್ದು. ನನ್ನ ದೃಷ್ಟಿಯಲ್ಲಿ ಕೋಚಿಂಗ್ ಎಂದರೆ ಇಷ್ಟೇ.

ಆ ಟೀಮ್ ಲೀಡರ್ ಹನ್ನೊಂದರಲ್ಲಿ ಒಂದನ್ನೇ ಆರಿಸಿದರು. ‘ಜಾಸ್ತಿ’ ಎಂದ ಕೂಡಲೇ ಮನಸ್ಸಿನಲ್ಲಿ ಮೂರು ಎಣಿಸಿ, ಆಮೇಲೆ ಒಂದು ಪ್ರಶ್ನೆ ಕೇಳಬೇಕು. ತಾವೇ ಅಂಗಡಿಯವರಾಗಿ ಕೂತು ಆರು ಸಲ ಆಡಿಸಿದರು. ಸಂಜೆ ಎಐ ಜೊತೆ ಅದನ್ನೇ ರೂಢಿ ಮಾಡಿಕೊಳ್ಳಲು ಹೇಳಿದರು. ಮರುದಿನ ಅವಳ ಪಕ್ಕದಲ್ಲೇ ಕೂತರು.

ಗಿರಾಕಿಯೊಬ್ಬರಿಂದ ‘ಜಾಸ್ತಿ ಆಯ್ತು’ ಎಂಬ ಮಾತು ಮತ್ತೆ ಬಂತು. ಹುಡುಗಿ ಉಸಿರೆಳೆದುಕೊಂಡು, ‘ಯಾವುದಕ್ಕೆ ಹೋಲಿಸಿದ್ರೆ ಸರ್?’ ಎಂದಳು. ಆ ಗಿರಾಕಿ ತಮ್ಮ ಹಳೆಯ ಸಾಫ್ಟ್‌ವೇರಿನ ಪಾಡನ್ನು ಐದು ನಿಮಿಷ ಹೇಳಿಕೊಂಡರು.

ಟೀಮ್ ಲೀಡರ್‌ಗಳೇ, ಈ ವಾರ ಡ್ಯಾಶ್‌ಬೋರ್ಡ್ ಬದಿಗಿಟ್ಟು ನಿಮ್ಮವರೊಬ್ಬರ ಒಂದು ಕಾಲ್ ಪೂರ್ತಿ ಕೇಳಿ. ಒಂದೇ ತಪ್ಪು ಆರಿಸಿ. ಅದನ್ನು ತಿದ್ದಿಕೊಳ್ಳುವವರೆಗೆ ಅವರ ಪಕ್ಕದಲ್ಲಿರಿ.