ಆಸ್ಟಿನ್‌ನ ತಿಕ್ಕಲುತನ ಯಾರ ಸೊತ್ತು?

ಟೆಕ್ಸಾಸಿನ ಆಸ್ಟಿನ್‌ಗೆ ಹೋದವರು ಒಂದು ಟೀ ಶರ್ಟನ್ನಂತೂ ತಂದೇ ತರುತ್ತಾರೆ. ಅದರ ಮೇಲೆ ‘ಕೀಪ್ ಆಸ್ಟಿನ್ ವಿಯರ್ಡ್’ ಅಂತಿರುತ್ತೆ. ಅಂದರೆ, ನಮ್ಮೂರು ತಿಕ್ಕಲಾಗಿಯೇ ಇರಲಿ ಬಿಡಿ, ಎಲ್ಲ ಊರಿನ ಹಾಗಾಗೋದು ಬೇಡ ಅಂತ. ನನ್ನ ಹತ್ತಿರವೂ ಒಂದಿದೆ. ಕೊಂಡದ್ದು ಏರ್‌ಪೋರ್ಟಿನಲ್ಲಿ.

ಇದು 2000ದಲ್ಲಿ ಅಲ್ಲಿನ ಕಾಲೇಜೊಂದರ ಗ್ರಂಥಪಾಲಕರು ರೇಡಿಯೋಗೆ ಫೋನ್ ಮಾಡಿದಾಗ ಆಡಿದ ಮಾತು. ಎರಡೇ ವರ್ಷದಲ್ಲಿ ಆ ಮಾತಿಗೊಂದು ಜಗಳ ಸಿಕ್ಕಿತು. ಆರನೇ ಬೀದಿ ಮತ್ತು ಲಮಾರ್ ರಸ್ತೆ ಕೂಡುವಲ್ಲಿ ಆಗ ಬುಕ್‌ಪೀಪಲ್ ಅನ್ನೋ ಪುಸ್ತಕದಂಗಡಿ, ವಾಟರ್‌ಲೂ ರೆಕಾರ್ಡ್ಸ್ ಅನ್ನೋ ಸಂಗೀತದಂಗಡಿ ಇದ್ದವು. ಅವುಗಳ ಪಕ್ಕದಲ್ಲೇ ಬಾರ್ಡರ್ಸ್ ಬರುತ್ತದೆ ಅಂತ ಸುದ್ದಿಯಾಯಿತು. ಅಂಗಡಿಯವರು ಈ ಘೋಷಣೆಯ ಸ್ಟಿಕ್ಕರ್ ಅಚ್ಚು ಹಾಕಿಸಿ ಹಂಚಿದರು.

ಸ್ಟಿಕ್ಕರಿಗಿಂತ ಗಟ್ಟಿಯಾದ ವಾದ ಮಾಡಿದ್ದು 2002ರಲ್ಲಿ ಬಂದ ಸಿವಿಕ್ ಎಕನಾಮಿಕ್ಸ್ ಸಂಸ್ಥೆಯ ಅಧ್ಯಯನ. ಬಾರ್ಡರ್ಸ್‌ನಲ್ಲಿ 100 ಡಾಲರ್ ಖರ್ಚು ಮಾಡಿದರೆ ಊರಿನ ಆರ್ಥಿಕತೆಗೆ ದಕ್ಕೋದು 13. ಊರಿನವರ ಅಂಗಡಿಯಲ್ಲಾದರೆ 45. ಸಂಬಳ ಎರಡೂ ಕಡೆ ಕೊಡ್ತಾರೆ, ನಿಜ. ಆದರೆ ಊರಿನ ಅಂಗಡಿಯ ಲೆಕ್ಕ ಬರೆಯೋರು, ಜಾಹೀರಾತು ಮಾಡೋರು, ಕೊನೆಗೆ ಲಾಭ ಎಣಿಸೋರು ಎಲ್ಲ ಅಲ್ಲಿಯವರೇ. 2003ರಲ್ಲಿ ಬಾರ್ಡರ್ಸ್ ಹಿಂದೆ ಸರಿಯಿತು. 2011ರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಘೋಷಣೆಯ ಟ್ರೇಡ್‌ಮಾರ್ಕ್ ಟೀ ಶರ್ಟ್ ಮಾಡೋ ಕಂಪನಿಯ ಪಾಲಾಯಿತು. ಇನ್ನು, ಅದೇ ಮೂಲೆಯಲ್ಲಿರೋ ಹೋಲ್ ಫುಡ್ಸ್ ನೋಡಿ. 1980ರಲ್ಲಿ ಆಸ್ಟಿನ್‌ನಲ್ಲೇ ಒಂದು ಅಂಗಡಿಯಾಗಿ ಶುರುವಾದದ್ದು ದೇಶವೆಲ್ಲ ಹಬ್ಬಿತು. 2017ರಲ್ಲಿ ಅಮೆಜಾನ್ ಅದನ್ನು 1,370 ಕೋಟಿ ಡಾಲರಿಗೆ ಕೊಂಡಿತು. ಚೈನ್ ಸ್ಟೋರ್ ಅನ್ನೋದು ಎಲ್ಲಿಂದಲೋ ಬಂದ ಭೂತವಲ್ಲ ಸ್ವಾಮಿ, ಯಾವುದೋ ಊರಿನ ಮನೆಮಗನೇ.

ಹಾಗಂತ ಚೈನ್‌ಗೆ ಹೋಗೋರಿಗೆ ಅಭಿರುಚಿ ಇಲ್ಲ ಅಂತ ಮೂಗು ಮುರಿಯೋದೂ ನನಗೆ ಹಿಡಿಸಲ್ಲ. ಅಮೆರಿಕಕ್ಕೆ ಹೊಸದಾಗಿ ಹೋದವರಿಗೆ ಸ್ಟಾರ್‌ಬಕ್ಸ್ ಒಂಥರಾ ತವರುಮನೆ. ಮೆನು ಗೊತ್ತು, ಬೆಲೆ ಗೊತ್ತು, ಉಚ್ಚಾರಣೆ ತಪ್ಪಿದರೂ ಕಾಫಿ ತಪ್ಪಲ್ಲ. ಕಟ್ಟಡದ ಮಾಲೀಕನಿಗೂ ಇಂಥದ್ದೇ ಧೈರ್ಯ ಬೇಕು. ದೊಡ್ಡ ಕಂಪನಿಯ ಬಾಡಿಗೆ ಕರಾರು ತೋರಿಸಿದರೆ ಬ್ಯಾಂಕ್ ಸಾಲ ಸಲೀಸು. ಬೀದಿಯ ರೂಪವನ್ನು ಗಿರಾಕಿಯ ರುಚಿಯೊಂದೇ ತೀರ್ಮಾನಿಸೋದಿಲ್ಲ.

ನನ್ನ ತಕರಾರು ಬೇರೆ. ನಾವು ‘ಲೋಕಲ್’ ಅನ್ನೋದನ್ನು ಬರೀ ನೋಟ ಮಾಡಿಕೊಂಡಿದ್ದೇವೆ: ಇಟ್ಟಿಗೆ ಗೋಡೆ, ಸೀಮೆಸುಣ್ಣದಲ್ಲಿ ಬರೆದ ಮೆನು, ಗೋಡೆಚಿತ್ರ. ಇವನ್ನೆಲ್ಲ ಚೈನ್‌ಗಳು ಆಗಲೇ ಕಲಿತಾಗಿದೆ. ನಕಲು ಮಾಡೋಕಾಗದ್ದು ಆ 45 ಡಾಲರ್ ಮಾತ್ರ. ಅದು ಫೋಟೋದಲ್ಲಿ ಕಾಣೋದಿಲ್ಲ.

ಹಾಗಂತ ಉಪದೇಶ ಮಾಡೋ ಯೋಗ್ಯತೆ ನನಗಿದೆಯಾ? ಬುಕ್‌ಪೀಪಲ್‌ನಲ್ಲಿ ಅರ್ಧ ಗಂಟೆ ನಿಂತು ಪುಸ್ತಕವೊಂದನ್ನು ತಿರುವಿ ಹಾಕಿದ್ದೆ. ಇಷ್ಟವಾಯಿತು. ನಾಲ್ಕು ಡಾಲರ್ ಕಮ್ಮಿಗೆ ಸಿಗುತ್ತೆ ಅಂತ ಅಲ್ಲೇ ನಿಂತು ಫೋನಿನಲ್ಲಿ ಆರ್ಡರ್ ಮಾಡಿದೆ. ಆಮೇಲೆ ಹೊರಗೆ ಬಂದು, ಅಂಗಡಿಯ ಬೋರ್ಡು ಚೆನ್ನಾಗಿದೆ ಅಂತ ಒಂದು ಫೋಟೋ ತೆಗೆದುಕೊಂಡೆ.