ಸೋಮವಾರದ ಹುರುಪು ಯಾರ ಜವಾಬ್ದಾರಿ?

ಸೋಮವಾರ ಬೆಳಗಾದರೆ ಸಾಕು, ಮೊಬೈಲ್ ತುಂಬ ಸೂರ್ಯೋದಯದ ಚಿತ್ರ, ಅದರ ಮೇಲೊಂದು ಹುರಿದುಂಬಿಸುವ ಮಾತು. ಕೆಲವು ಸಲ ಡಿ.ವಿ.ಜಿ.ಯವರ ಕಗ್ಗದ ಪದ್ಯ, ಕೆಲವು ಸಲ ಕಾಯಕದ ಬಗೆಗಿನ ಶರಣರ ಮಾತು, ಉಳಿದಂತೆ ಯಾರದೋ ಹೆಸರಿನಲ್ಲಿ ಯಾರೋ ಬರೆದ ಯಶಸ್ಸಿನ ಸೂತ್ರ. ಎಷ್ಟೋ ಕಚೇರಿಗಳಲ್ಲಿ ವಾರದ ಮೊದಲ ಗಂಟೆ ಇಂಥ ಮಾತುಗಳಲ್ಲೇ ಕಳೆಯುತ್ತದೆ. ಮನಸ್ಸು ಚೆನ್ನಾಗಿದ್ದರೆ ವಾರ ಚೆನ್ನಾಗಿರುತ್ತದೆ, ಮನಸ್ಸನ್ನು ಚೆನ್ನಾಗಿಟ್ಟುಕೊಳ್ಳುವುದು ಅವರವರಿಗೆ ಬಿಟ್ಟದ್ದು ಎನ್ನುವುದು ಈಗ ಯಾರೂ ಪ್ರಶ್ನಿಸದ ನಂಬಿಕೆಯಾಗಿಬಿಟ್ಟಿದೆ. ಅದರ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಎರಡನೆಯ ಅರ್ಧವನ್ನು ಮಾತ್ರ ನಾನು ಒಪ್ಪಲಾರೆ. ದುಡಿಯುವವರ ಹುರುಪು ಬಹುಪಾಲು ಅವರ ಕೈಯಲ್ಲಿಲ್ಲದ ಸಂಗತಿಗಳಿಂದ ಹುಟ್ಟುತ್ತದೆ, ಅವುಗಳಿಂದಲೇ ಸಾಯುತ್ತದೆ.

ಹಂಪಾಪುರದ ಬಸ್ ನಿಲ್ದಾಣದಲ್ಲಿ ಸೋಮವಾರ ಬೆಳಿಗ್ಗೆ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಈ ಹೋಬಳಿ ಕೇಂದ್ರ ಮೈಸೂರಿನಿಂದ ಕೋಟೆಗೆ, ಮುಂದೆ ಮಾನಂದವಾಡಿಗೆ ಹೋಗುವ ರಸ್ತೆಯ ಮೇಲಿದೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕಾಲೇಜು ಹುಡುಗರು, ಗಾರೆ ಕೆಲಸದವರು, ಭಾನುವಾರ ಊರಿಗೆ ಬಂದು ಪೇಟೆಗೆ ಮರಳುವವರು ಎಲ್ಲರಿಗೂ ಬೇಕಾದ್ದು ಮೈಸೂರಿನ ಅದೇ ಬಸ್ಸು. ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳನ್ನು ಸೋಮವಾರವೆಂದರೆ ಬೇಜಾರೇ ಎಂದು ಕೇಳಿದೆ. ಊಟದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, “ಕೆಲ್ಸುಕ್ ಹೋಗೋಕೆ ಬೇಜಾರೇನಿಲ್ಲ ಕಣಕ್ಕ. ಬಸ್ಸು ನಿಲ್ಸ್ತಾನೋ ಇಲ್ವೋ, ಗೇಟಲ್ಲಿ ಒಳಕ್ ಬಿಡ್ತಾರೋ ಇಲ್ವೋ, ಅದೇ ಯೋಚ್ನೆ” ಎಂದಳು. ಅವಳ ಹುರುಪಿಗೆ ಏನೂ ಕೊರತೆಯಿರಲಿಲ್ಲ. ನಾಲ್ಕೂವರೆಗೇ ಎದ್ದು ಮುದ್ದೆ ತೊಳಸಿ, ಮಕ್ಕಳಿಗೆ ಬುತ್ತಿ ಕಟ್ಟಿ ಬಂದವಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಅವಳಿಗೆ ದಿನದ ಬಸ್ ಚಾರ್ಜು ಉಳಿಯುತ್ತಿದೆ. ಅವಳ ಸೋಮವಾರವನ್ನು ಹಗುರ ಮಾಡಿದ್ದು ಆ ಉಳಿದ ದುಡ್ಡು. ಯಾವ ಭಾಷಣವೂ ಅದನ್ನು ಮಾಡಿರಲಿಲ್ಲ.

ಈ ಸೀಮೆಯ ಬೇಸಾಯಗಾರರಿಗೆ ಸೋಮವಾರದ ಬಗ್ಗೆ ಬೇರೆಯೇ ತಿಳಿವಳಿಕೆಯಿತ್ತು. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಉಳುಮೆಗೆ ಆರು ಕಟ್ಟುತ್ತಿರಲಿಲ್ಲ. ಅದು ಈಶ್ವರನ ವಾರ, ಬಸವನ ದಿನ. ಎತ್ತಿನ ಮೈ ತೊಳೆದು, ಹುಲ್ಲು ಹಾಕಿ ಕೊಟ್ಟಿಗೆಯಲ್ಲಿ ಬಿಡುತ್ತಿದ್ದರು. ಕಪಿಲಾ ನದಿಯ ಗುಂಟ ಇಳಿದು ನಂಜನಗೂಡಿನ ನಂಜುಂಡೇಶ್ವರನ ಗುಡಿಗೆ ಹೋಗುವವರು ಹೋಗುತ್ತಿದ್ದರು. ಭಕ್ತಿಯ ಹೆಸರಿನಲ್ಲಿ ನಡೆದ ಈ ಕಟ್ಟಳೆಯೊಳಗೆ ದುಡಿಮೆಯ ಲೆಕ್ಕವೂ ಇತ್ತು. ಹೆಗಲು ಕಿತ್ತುಹೋದ ಎತ್ತನ್ನು ಬೆನ್ನು ತಟ್ಟಿ ಎಷ್ಟು ಹುರಿದುಂಬಿಸಿದರೂ ಅದು ಸಾಲು ಹೊಡೆಯಲಾರದು ಎಂದು ಅವರಿಗೆ ಗೊತ್ತಿತ್ತು. ವಿಶ್ರಾಂತಿಯನ್ನು ಎತ್ತಿನ ಇಚ್ಛೆಗಾಗಲಿ ಯಜಮಾನನ ದಯೆಗಾಗಲಿ ಬಿಡದೆ ಊರಿಗೆ ಊರೇ ಪಾಲಿಸುವ ನಿಯಮ ಮಾಡಿಟ್ಟಿದ್ದರು. ಟ್ರ್ಯಾಕ್ಟರಿಗೆ ಆ ನಿಯಮವಿಲ್ಲ. ಅದನ್ನು ಓಡಿಸುವ ಹುಡುಗನಿಗೂ ಇಲ್ಲವಾದದ್ದು ನಮ್ಮ ಗಮನಕ್ಕೇ ಬರಲಿಲ್ಲ.

ಮನುಷ್ಯರಿಗೆ ಸಿಕ್ಕ ವಾರದ ರಜೆಯೂ ಹೀಗೆ ಕಟ್ಟಳೆಯಾಗಿಯೇ ಬಂದದ್ದು. ಮುಂಬಯಿಯ ಗಿರಣಿ ಕೆಲಸಗಾರರನ್ನು ಸಂಘಟಿಸಿದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಸಲ್ಲಿಸಿದ ಮನವಿಯಲ್ಲಿ ಭಾನುವಾರದ ರಜೆ ಒಂದು ಮುಖ್ಯ ಬೇಡಿಕೆ. ಅದು ಈಡೇರಲು 1890ರವರೆಗೆ ಹೋರಾಡಬೇಕಾಯಿತು. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯ್ದೆಯಲ್ಲೂ ವಾರದ ರಜೆ ದೇಶದ ಕಾರ್ಖಾನೆ ಕೆಲಸಗಾರರ ಹಕ್ಕಾಗಿ ಉಳಿಯಿತು. ಸೋಮವಾರ ಯಾರಾದರೂ ಹೊಸ ಕಳೆಯಿಂದ ಕೆಲಸಕ್ಕೆ ಬರುತ್ತಿದ್ದರೆ ಅದರ ಹಿಂದೆ ಈ ಆರು ವರ್ಷಗಳ ಹೋರಾಟವೂ ಇದೆ. ಆದರೆ ಕಾಯ್ದೆ ಮುಟ್ಟದ ಮನೆಗಳು ಬಹಳ. ಹಸು ಕಟ್ಟಿದ ಹೆಂಗಸಿಗೆ ಭಾನುವಾರವೂ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವುದು ತಪ್ಪದು. ಅವಳ ವಾರಕ್ಕೆ ಕೊನೆಯೇ ಇಲ್ಲದಿರುವಾಗ ಹೊಸ ವಾರದ ಹೊಸ ಚೈತನ್ಯ ಎಲ್ಲಿಂದ ತರಬೇಕು? ಹಾಲಿನ ಬಟವಾಡೆ ಹೇಳಿದ ದಿನಕ್ಕೆ ಕೈಗೆ ಬಂದರೆ ಅವಳ ಮುಖ ಅರಳುವುದನ್ನು ನೋಡಿದ್ದೇನೆ.

ಕೆಲಸದಲ್ಲಿ ಹುಮ್ಮಸ್ಸು ಹೇಗೆ ಹುಟ್ಟುತ್ತದೆಂದು ತಿಳಿಯಬೇಕಾದರೆ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಒಂದು ರಾತ್ರಿ ಕೂರಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ರೈತರ ಬದುಕು ಬಹುಕಾಲದಿಂದ ಈ ಬೆಳೆಗೆ ಅಂಟಿಕೊಂಡಿದೆ. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಹದ ಮಾಡುವುದಕ್ಕೆ ಐದಾರು ದಿನ ಬೇಕು. ಮೊದಲು ಎಲೆ ಹಳದಿಗೆ ತಿರುಗುವವರೆಗೆ 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ಹಂತಹಂತವಾಗಿ ಏರಿಸಿ, ಕೊನೆಗೆ ನಡುನರ ಒಣಗಲು 160ರ ಆಸುಪಾಸು. ಉರಿ ಸ್ವಲ್ಪ ಹೆಚ್ಚಾದರೂ ಎಲೆ ಕಪ್ಪಾಗುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ಅದಕ್ಕೇ ನಡುರಾತ್ರಿ ಎದ್ದು ಟಾರ್ಚ್ ಹಿಡಿದು ಕಿಂಡಿಯಿಂದ ಥರ್ಮಾಮೀಟರ್ ನೋಡುವುದು, ಒಂದು ಸೌದೆ ಒಳಗೆ ತಳ್ಳುವುದು ಇಲ್ಲವೇ ಒಂದನ್ನು ಹೊರಗೆಳೆಯುವುದು. ಅವರನ್ನು ಯಾರೂ ಎಬ್ಬಿಸಬೇಕಿಲ್ಲ. ನಿನ್ನೆ ಹಸಿರಾಗಿದ್ದ ಎಲೆ ಇವತ್ತು ಬಣ್ಣ ತಿರುಗಿರುವುದು ಕಣ್ಣಿಗೆ ಕಾಣುತ್ತದೆ, ಮುಂದೇನು ಮಾಡಬೇಕೆಂಬುದೂ ಗೊತ್ತಿರುತ್ತದೆ.

ದೂರದ ಅಧ್ಯಯನವೊಂದು ಇದನ್ನೇ ಬೇರೆ ರೀತಿಯಲ್ಲಿ ಹೇಳಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತೆರೇಸಾ ಅಮಾಬಿಲೆ ಮತ್ತು ಅವರ ಜೊತೆಗಾರ ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಜನರಿಂದ ಪ್ರತಿದಿನದ ಕೆಲಸದ ಬಗ್ಗೆ ಬರೆಸಿದರು. ಸುಮಾರು 12,000 ದಿನಗಳ ಆ ಬರಹವನ್ನು ಓದಿ 2011ರಲ್ಲಿ ಪುಸ್ತಕ ಮಾಡಿದರು. ಜನರಿಗೆ ಎಲ್ಲಕ್ಕಿಂತ ಹೆಚ್ಚು ಉತ್ಸಾಹ ಕೊಟ್ಟದ್ದು ತಮಗೆ ಮುಖ್ಯವೆನಿಸಿದ ಕೆಲಸ ಒಂದಿಷ್ಟಾದರೂ ಮುಂದೆ ಸಾಗಿದ್ದು. ಅವರು ಓದಿದ್ದು ಕಚೇರಿಯಲ್ಲಿ ಕೂತು ದುಡಿಯುವವರ ದಿನಚರಿ, ಹೊಲದವರದ್ದಲ್ಲ. ಆದರೂ ಬ್ಯಾರನ್ ಕಾಯುವವರಿಗೆ ಈ ಮಾತು ಹೊಸದೇನಲ್ಲ. ಹುಮ್ಮಸ್ಸಿದ್ದರೆ ಕೆಲಸ ಸಾಗುತ್ತದೆ ಎಂದು ನಾವು ಹೇಳುತ್ತಾ ಬಂದಿದ್ದೇವೆ. ಕೆಲಸ ಸಾಗಿದರೆ ಹುಮ್ಮಸ್ಸು ಬರುತ್ತದೆ ಎನ್ನುವುದೇ ಹೆಚ್ಚು ನಿಜ. ಹಾಗೆಂದು ಹೊಗೆಸೊಪ್ಪಿನ ಬದುಕು ಸುಖದ್ದೆಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಸೌದೆ, ಗೊಬ್ಬರ ತಂದವರಿಗೆ ಹರಾಜು ಕಟ್ಟೆಯಲ್ಲಿ ದರ ಕುಸಿದರೆ ಯಾವ ಸುಭಾಷಿತವೂ ಸಮಾಧಾನ ತಾರದು.

ಮನಸ್ಸಿಗೆ ಹಿತವಾದ ಮಾತು ಬೇಡವೇ, ಹಾಡು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಖಂಡಿತ ಬೇಕು. ನಮ್ಮ ಹೆಂಗಸರು ನಾಟಿ ಹಾಕುವಾಗ ಪದ ಹೇಳಿದವರು, ರಾಗಿ ಬೀಸುವಾಗ ಹಾಡು ಕಟ್ಟಿದವರು. ಆ ಹಾಡು ಕೆಲಸದೊಳಗೇ ಹುಟ್ಟಿತ್ತು. ಬಗ್ಗಿದ ಸೊಂಟದ ನೋವನ್ನು, ಗೌಡನ ಮೇಲಿನ ಸಿಟ್ಟನ್ನು, ತವರಿನ ನೆನಪನ್ನು ಅದರಲ್ಲೇ ಹೇಳಿಕೊಳ್ಳಬಹುದಿತ್ತು. ನಗುನಗುತ್ತಲೇ ಇರಬೇಕೆಂಬ ಷರತ್ತು ಅದಕ್ಕಿರಲಿಲ್ಲ. ಸೋಮವಾರದ ಸಭೆಯಲ್ಲಿ ಮೇಲಿನವರು ಹೇಳುವ ಸ್ಫೂರ್ತಿಯ ಮಾತಿನಲ್ಲಿ ದಣಿವನ್ನು ಹೇಳಿಕೊಳ್ಳಲು ಜಾಗವಿಲ್ಲ. ದಣಿದೆ ಎಂದವರನ್ನು ನಕಾರಾತ್ಮಕ ಮನಸ್ಸಿನವರೆಂದು ಬದಿಗಿಡುತ್ತಾರೆ. ನನ್ನನ್ನು ಹೆಚ್ಚು ನೋಯಿಸುವುದು ಇದೇ.

ಇದಕ್ಕೆ ಶರಣರ ಹೆಸರನ್ನು ಬಳಸುವುದಂತೂ ಅನ್ಯಾಯ. ಕಾಯಕದ ದೊಡ್ಡ ಮಾತನ್ನು ಗೋಡೆಗೆ ತೂಗುಹಾಕುವವರು ಆಯ್ದಕ್ಕಿ ಲಕ್ಕಮ್ಮನನ್ನು ಪೂರ್ತಿ ನೆನೆಯಬೇಕು. ಗಂಡ ಮಾರಯ್ಯ ಕಾಯಕ ಮರೆತು ಕೂತಾಗ ಎಚ್ಚರಿಸಿದವಳು ಅವಳು. ಅದೇ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದವಳೂ ಅವಳೇ. ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟಿದ್ದೇವೆ. ದುಡಿ ಎನ್ನುವ ಮಾತಿಗೆ ಇಷ್ಟು ಸಾಕು ಎನ್ನುವ ಮಿತಿಯೂ ಅಂಟಿಕೊಂಡಿತ್ತು. ಆ ಮಿತಿ ಪಾಲಿಸಬೇಕಾದವರಲ್ಲಿ ದುಡಿಸುವವರೂ ಸೇರುತ್ತಾರೆ. ಕಗ್ಗಕ್ಕೂ ಹೀಗೇ ಆಗಿದೆ. 1943ರಲ್ಲಿ ಅಚ್ಚಾದ ಆ ಕೃತಿಯ ತುಂಬ ಸಂಶಯ, ಪ್ರಶ್ನೆ, ತಳಮಳ ಇವೆ. ಸೋಮವಾರಕ್ಕೆ ನಾವು ಆರಿಸುವುದು ಧೈರ್ಯ ಹೇಳುವ ನಾಲ್ಕು ಸಾಲನ್ನಷ್ಟೇ.

ವಾರ ಚೆನ್ನಾಗಿ ಶುರುವಾಗಲಿ ಎಂದು ನಿಜವಾಗಿ ಬಯಸುವ ಮಾಲೀಕರು, ಅಧಿಕಾರಿಗಳು ಶನಿವಾರದಿಂದಲೇ ಆರಂಭಿಸಬೇಕು. ಮುಂದಿನ ವಾರದ ಪಾಳಿಯ ಪಟ್ಟಿಯನ್ನು ಅಂದು ಸಂಜೆಯೇ ತಿಳಿಸಲಿ. ಅರ್ಧಕ್ಕೆ ನಿಂತ ಕೆಲಸ ಎಲ್ಲಿ ನಿಂತಿತೆಂದು ಬರೆದಿಡುವುದಕ್ಕೆ ಸಮಯ ಕೊಡಲಿ, ಸೋಮವಾರ ಬಂದವರು ಹುಡುಕಾಡದೆ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಭಾನುವಾರ ಫೋನ್ ಮಾಡದಿರಲಿ. ಓವರ್‌ಟೈಮ್ ದುಡ್ಡು ಹೇಳಿದ ತಾರೀಖಿಗೆ ಕೊಡಲಿ. ಬಸ್ಸು ತಡವಾದದ್ದಕ್ಕೆ ಅರ್ಧ ದಿನದ ಸಂಬಳ ಹಿಡಿಯುವುದನ್ನು ಬಿಟ್ಟು, ಹಂಪಾಪುರದ ಕಡೆಯಿಂದ ಬರುವವರ ಮೊದಲ ಪಾಳಿಯನ್ನು ಬಸ್ಸಿನ ಹೊತ್ತಿಗೆ ಹೊಂದಿಸಿ ಇಡಲಿ.